ಸುಗಲಾಗ ಹೇಳ್ರಿ

ನವೆಂಬರ್ 6, 2024, ಬುಧವಾರ. ರಂಗಂಪೇಟೆ, ಸುರಪುರ

ಇವತ್ತಿನಿಂದ ಬರೆಯೋಣ ಅನ್ನಿಸಿತು. ಬೇರೆ ಕೆಲಸವೂ ಇಲ್ಲ. ಮಂಚ, ಕಿಟಕಿ, ಕಿಟಕಿಯಾಚೆ ಸುಗಲಮ್ಮತ್ತಿ ಬಟ್ಟೆ ಒಣಹಾಕಿದ ಹಗ್ಗ. ಇಷ್ಟೇ ನನ್ನ ಪ್ರಪಂಚ ಈಗ.

ಹೋದ ತಿಂಗಳ ಕೊನೆಗೆ ಶಹಾಪುರದ ಗುಡ್ಡ ಹತ್ತಿದ್ದೆ, ಒಬ್ಬಳೇ. ಮಲಗಿದ ಬುದ್ಧನಂತೆ ಕಾಣುವ ಆ ಸಾಲನ್ನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡಿದವಳು. ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ನೋಡಬೇಕಿತ್ತು, ನೋಡಿದೆ. ಇಳಿಯುವಾಗ ಬಂಡೆಯ ಮೇಲೆ ಕಾಲು ಜಾರಿ ಎಲುಬು ಮುರಿಯಿತು. ಸೀತಾಫಲ ಹರಿಯಲು ಬಂದ ಇಬ್ಬರು ನನ್ನ ಕೂಗು ಕೇಳಿ ಬಂದು ಹೊತ್ತು ಇಳಿಸಿದರು. ಅವರು ಬರುವವರೆಗೆ ಬಂಡೆಗೆ ಒರಗಿ ಕೂತು ನಾನು ಯೋಚಿಸಿದ್ದು ಒಂದೇ: ಡಿಸೆಂಬರಿನಲ್ಲಿ ಚಿರಾಪುಂಜಿಗೆ ಹೋಗುವಷ್ಟರಲ್ಲಿ ಇದು ವಾಸಿಯಾದೀತೇ?

ಯಾದಗಿರಿಯಲ್ಲಿ ನಮ್ಮದು ಮಾಳಿಗೆ ಮೇಲಿನ ಬಾಡಿಗೆ ಮನೆ. ಈ ಕಾಲಿನಲ್ಲಿ ಆ ಮೆಟ್ಟಿಲು ಆಗುವುದಿಲ್ಲವೆಂದು ಅಪ್ಪ ನನ್ನನ್ನು ತನ್ನ ಅಕ್ಕನ ಮನೆಗೆ ತಂದು ಬಿಟ್ಟಿದ್ದಾನೆ. ಸುಗಲಮ್ಮತ್ತಿ ಒಬ್ಬಳೇ ಇರುತ್ತಾಳೆ. ಮಗ ಮರಿಲಿಂಗ ಹೆಂಡತಿಯ ಜೊತೆ ಹುಣಸಗಿಯಲ್ಲಿದ್ದಾನೆ, ಗೊಬ್ಬರದ ಅಂಗಡಿಯಲ್ಲಿ ಕೆಲಸ.

ಅವ್ವ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾಳೆ. ಉಂಡಿ? ಗುಳಿಗಿ ತಗೊಂಡಿ? ಅಸ್ಸಾಮಿಗೆ ಹೋದಾಗಲೂ ಹೀಗೇ ಕಾಡಿದ್ದಳು. ತಲುಪಿದಿ? ಯಾರ ಜೋಡಿ ಅದಿ? ಯಾರ ಜೋಡೀನೂ ಇಲ್ಲ ಎಂದು ಹೇಳುವಾಗ ಎಷ್ಟು ಹಿಗ್ಗಾಗುತ್ತಿತ್ತು ನನಗೆ. ನನ್ನ ಹೆಸರೂ ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಇಳಿದು, ಚಹಾ ಕುಡಿದು, ಯಾವ ಕಡೆಗೆ ನಡೆಯಲಿ ಎಂದು ನನಗೆ ನಾನೇ ಕೇಳಿಕೊಳ್ಳುವ ಆ ಗಳಿಗೆ. ಅದಕ್ಕಾಗಿಯೇ ನಾನು ಮಿಕ್ಕ ದಿನಗಳನ್ನು ಕಳೆಯುವುದು.

ನವೆಂಬರ್ 10, ಭಾನುವಾರ

ಮಲ್ಲೇಶ್ವರಿ ಮೇಡಂ ಕಲಬುರಗಿಯಿಂದ ನನ್ನ ಪೆಟ್ಟಿಗೆಗಳನ್ನು ಕಳಿಸಿದ್ದಾರೆ. ಪಿಎಚ್‌ಡಿ ಗೈಡ್ ಅಂದರೆ ಹೀಗಿರಬೇಕು. ಕಾಲು ಮುರಿದರೇನು, ಕೈ ಇದೆಯಲ್ಲ ಅಂದರು.

ಹುಣಸಗಿ ಕಡೆಯ ಒಂದು ಹಳ್ಳದ ದಂಡೆಯಲ್ಲಿ ನಾನೇ ಎತ್ತಿದ ಕಲ್ಲುಗಳಿವು. ಲಕ್ಷಗಟ್ಟಲೆ ವರ್ಷಗಳ ಹಿಂದೆ ಸುಣ್ಣಕಲ್ಲು ಒಡೆದು ಆಯುಧ ಮಾಡಿಕೊಂಡವರು ಬಿಟ್ಟುಹೋದ ಚಕ್ಕೆಗಳು. ಎರಡು ಗುಂಪಾಗಿ ಸಿಕ್ಕಿದ್ದವು, ನಡುವೆ ಒಂದು ಮಾರಿನಷ್ಟೇ ಅಂತರ. ಆಯಾ ಗುಂಪಿನ ಚಕ್ಕೆಯನ್ನು ಅದೇ ಗುಂಪಿನ ಮೂಲಕಲ್ಲಿಗೆ ಹೊಂದಿಸಿ ನೋಡಬೇಕು. ಯಾವುದು ಮೊದಲು ಒಡೆಯಿತು, ಯಾವುದು ಆಮೇಲೆ ಎಂದು ತಿಳಿಯುತ್ತದೆ.

ನನ್ನ ಅಧ್ಯಾಯದ ವಾದ ಸ್ಪಷ್ಟವಾಗಿದೆ. ಒಬ್ಬನೇ ಮನುಷ್ಯ ಅಲ್ಲಿಗೆ ಎರಡು ಸಲ ಬಂದಿದ್ದಾನೆ. ಒಮ್ಮೆ ಇಲ್ಲಿ ಕೂತಿದ್ದಾನೆ, ಇನ್ನೊಮ್ಮೆ ಅಲ್ಲಿ. ಹಳ್ಳದ ನೀರು ನೋಡುತ್ತ, ತನ್ನ ಪಾಡಿಗೆ ತಾನು ಕಲ್ಲು ಕೆತ್ತುತ್ತ. ಆ ಮನುಷ್ಯ ನನಗೆ ಬಹಳ ಇಷ್ಟ.

ಅತ್ತಿ ಪೆಟ್ಟಿಗೆ ನೋಡಿ ಮನೆ ತುಂಬ ಜಲ್ಲಿ ತರಿಸಿದಿಯಲ್ಲ ಅಂದಳು.

ನವೆಂಬರ್ 19, ಮಂಗಳವಾರ

ಪ್ರವಾಸ ರದ್ದು. ಡಾಕ್ಟರು ಎಕ್ಸ್‌ರೇ ಹಿಡಿದು ತಲೆ ಆಡಿಸಿದರು. ಬರೆಯಲು ಮನಸ್ಸಿಲ್ಲ.

ನವೆಂಬರ್ 28, ಗುರುವಾರ

ಇವತ್ತು ಪುಣೆಯಿಂದ ಅರ್ಜುಮಂದ ಸುಗಲಮ್ಮತ್ತಿಗೆ ಫೋನ್ ಮಾಡಿದ್ದಳು. ಮೌಲಾಬಿಯ ಮಗಳು.

ಮೌಲಾಬಿಯನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಇಲ್ಲೇ ಆಚೆ ಓಣಿಯಲ್ಲಿದ್ದಳು. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅತ್ತಿ, ಮೌಲಾಬಿ ಇಬ್ಬರೂ ಒಟ್ಟಿಗೆ ಅಡುಗೆಗೆ ಸೇರಿದವರು. ಕೆಲಸ ಬಿಡುವವರೆಗೆ ಒಂದೇ ಒಲೆ ಮುಂದೆ ಇದ್ದವರು. ಮೂರು ವರ್ಷದ ಹಿಂದೆ ಮಗಳು ಪುಣೆಗೆ ಕರೆದುಕೊಂಡು ಹೋದಳು. ಆಮೇಲೆ ಫೋನಿನಲ್ಲಷ್ಟೇ.

ಮೌಲಾಬಿಗೆ ಮರೆವು ಶುರುವಾಗಿದೆಯಂತೆ. ಬಚ್ಚಲಮನೆ ಎಲ್ಲಿದೆ ಎಂದು ಮರೆಯುತ್ತಾಳೆ, ನಮಾಜಿನ ನಡುವೆ ನಿಂತುಬಿಡುತ್ತಾಳೆ. ಸುಗಲಾ ಬಂದಳೇನು, ಸುಗಲಾ ಬಂದಳೇನು ಎಂದು ಮಾತ್ರ ಕೇಳುತ್ತಲೇ ಇರುತ್ತಾಳಂತೆ. ಅರ್ಜುಮಂದ ತಾಯಿಯ ಕೈಗೆ ಫೋನ್ ಕೊಟ್ಟರೆ ಆ ಕಡೆಯಿಂದ "ಯಾರ್ರಿ?" ಎಂದಳು ಮೌಲಾಬಿ. ಅತ್ತಿ ಹೆಸರು ಹೇಳಿದಳು. ಮತ್ತೆ ಅದೇ, "ಯಾರ್ರಿ?" ಫೋನಿನಲ್ಲಿ ಬರುವ ದನಿಗೂ ಸುಗಲಾಗೂ ಸಂಬಂಧವಿಲ್ಲ ಅವಳಿಗೆ.

ಅತ್ತಿ ಫೋನ್ ಇಟ್ಟು ನನ್ನ ಗುಳಿಗೆ ತಂದಳು. ನೀರು ತರುವುದನ್ನು ಮರೆತಿದ್ದಳು.

ಡಿಸೆಂಬರ್ 8, ಭಾನುವಾರ

ಮರಿಲಿಂಗ ಬಂದಿದ್ದ. ಪುಣೆಗೆ ಕರಕೊಂಡು ಹೋಗು ಎಂದು ಅತ್ತಿ ಕೇಳಿದಳು. ಹತ್ತಿ ಸೀಜನ್ ಮುಗಿಯಲಿ ಎಂದ. ಸೀಜನ್ ಮುಗಿದರೆ ತೊಗರಿ, ತೊಗರಿ ಮುಗಿದರೆ ಮೆಣಸಿನಕಾಯಿ. ಕೆಟ್ಟವನಲ್ಲ ಅವನು. ಅಂಗಡಿಯವರು ರಜೆ ಕೊಡುವುದಿಲ್ಲ.

ಅವನು ಹೋದ ಮೇಲೆ ನಾನೇ ಹೇಳಿದೆ, ಪ್ಲಾಸ್ಟರ್ ತೆಗೆದ ಮೇಲೆ ನಾನು ಕರಕೊಂಡು ಹೋಗ್ತೀನಿ ಎಂದು. ಯಾಕೆ ಹೇಳಿದೆನೋ. ಯಾರನ್ನೂ ಕಟ್ಟಿಕೊಂಡು ಪ್ರವಾಸ ಮಾಡಿದವಳಲ್ಲ. ಅತ್ತಿಯ ಗಂಟು, ರೊಟ್ಟಿಯ ಡಬ್ಬಿ, ಹೆಜ್ಜೆಗೊಂದು ಪ್ರಶ್ನೆ. ಹೋಗಲಿ, ಒಂದು ಸಲ ತಾನೇ.

ಮೊದಲ ಗುಂಪಿನ ಕಲ್ಲುಗಳಲ್ಲಿ ಒಂದು ಹೆಚ್ಚುಕಡಿಮೆ ಪೂರ್ತಿಯಾಗಿ ಕೂಡಿತು. ಒಂದು ಚಕ್ಕೆ ಮಾತ್ರ ಕಡಿಮೆ ಇದೆ. ಹಳ್ಳದ ನೀರಿಗೆ ಕೊಚ್ಚಿಹೋಗಿರಬೇಕು.

ಡಿಸೆಂಬರ್ 14, ಶನಿವಾರ

ಎಲುಬು ಕೂಡಿಲ್ಲ. ತಿಂಗಳ ಕೊನೆಗೆ ಪ್ಲಾಸ್ಟರ್ ತೆಗೆದರೂ ಫೆಬ್ರವರಿ ಮುಗಿಯುವ ತನಕ ದೂರದ ಪ್ರಯಾಣ ಕೂಡದು ಎಂದರು ಡಾಕ್ಟರು.

ಮನೆಗೆ ಬರುವಾಗ ಸುರಪುರದ ಬಸ್‌ಸ್ಟ್ಯಾಂಡ್ ಮುಂದೆ ಆಟೋ ನಿಂತಾಗ ಇಬ್ಬರೂ ಹೊರಡುವ ಬಸ್ಸನ್ನೇ ನೋಡುತ್ತಿದ್ದೆವು. ಅದು ಹೈದರಾಬಾದಿನ ಬಸ್ಸು. ಯಾವುದಾದರೇನು, ಅದು ತಿರುವು ದಾಟುವ ತನಕ ನೋಡಿದೆ.

ಡಿಸೆಂಬರ್ 22, ಭಾನುವಾರ

ಅರ್ಜುಮಂದ ಮತ್ತೆ ಫೋನ್ ಮಾಡಿದ್ದಳು. ಈ ಸಲ ಅತ್ತಳು. ಮೌಲಾಬಿ ಬೆಳಿಗ್ಗೆ ಚಹಾ ತಂದುಕೊಟ್ಟ ಮಗಳನ್ನೇ, ನೀ ಯಾರ ಮಗಳವ್ವಾ, ಬಾಳ ಒಳ್ಳೇಕಿ ಅದಿ ಎಂದಳಂತೆ.

ಅತ್ತಿ ಮಧ್ಯಾಹ್ನವಿಡೀ ಏನೋ ತಿಕ್ಕುತ್ತಿದ್ದಳು, ತೊಳೆಯುತ್ತಿದ್ದಳು. ಸಂಜೆ ನನ್ನ ಮಂಚದ ಎದುರು ಬಂದು ಕೂತು, ಪುಣೆಗೆ ತಾನೊಬ್ಬಳೇ ಹೋಗುವುದಾಗಿ ಹೇಳಿದಳು. ಅತ್ತಿ ಒಬ್ಬಳೇ ಹೋದ ದೊಡ್ಡ ಊರೆಂದರೆ ಶಹಾಪುರ. ರೈಲು ಹತ್ತಿದ್ದು ಒಮ್ಮೆ, ಗಂಡ ಬದುಕಿದ್ದಾಗ. ನಾನು ಬೇಡವೆಂದೆ. ಫೆಬ್ರವರಿ ತನಕ ತಡೆದುಕೋ ಎಂದೆ.

"ನಾ ತಡೀತೀನಿ," ಎಂದಳು. "ಆಕಿ ತಡೀತಾಳೇನು? ಮಗಳ ಮಾರೀನ ಮರ್ತಾಳ. ನನ್ನ ಮಾರಿ ಇನ್ನ ಎಷ್ಟ ದಿನ ಉಳೀತದ?"

"ಒಬ್ಬಾಕಿ ಹೆಂಗ ಹೋಗ್ತಿ ಅತ್ತಿ?"

"ನೀ ಹೋಗ್ತಿಯಲ್ಲ."

ನನ್ನದು ಬೇರೆ ಎಂದೆ. ಹೆಂಗ ಬ್ಯಾರೆ ಎಂದು ಕೇಳಿದಳು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದು. ಗುಳಿಗಿ ಹೊತ್ತಾತು, ನೀರು ತಾ ಎಂದೆ. ಆದರೆ ಬೇರೆಯೇ.

ಜನವರಿ 3, 2025, ಶುಕ್ರವಾರ

ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದೋ ಕಾಲಿನ ಹಾಗಿದೆ, ಸಣಕಲು, ಬಿಳಿಚು. ಕೋಲು ಹಿಡಿದು ಅಡುಗೆಮನೆ ತನಕ ನಡೆದೆ.

ಅತ್ತಿಯ ಹಟವೇ ಗೆದ್ದಿತು. ಮೂರು ದಿನದಿಂದ ಅವಳಿಗೆ ಪಾಠ. ಬೋಗಿಯ ನಂಬರ್ ಎಲ್ಲಿ ಬರೆದಿರುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ಎಲ್ಲಿ ನಿಲ್ಲಬೇಕು, ಚಾರ್ಜರ್ ಎಲ್ಲಿ ಚುಚ್ಚಬೇಕು. ಮೊದಲು ವಾಡಿ, ಆಮೇಲೆ ಕಲಬುರಗಿ, ಆಮೇಲೆ ಸೊಲ್ಲಾಪುರ, ಕೊನೆಗೆ ಪುಣೆ. ಇಂಗ್ಲಿಷ್ ಬರುವುದಿಲ್ಲ, ಹಿಂದಿ ಅಕ್ಷರ ಗೊತ್ತಿಲ್ಲ. ಭಾಷೆಯ ಗತಿ ಏನು ಎಂದು ನಾನು ಚಿಂತೆ ಮಾಡಿದರೆ ನಕ್ಕುಬಿಟ್ಟಳು. ಮೌಲಾಬಿಯ ಜೊತೆ ಅಷ್ಟು ವರ್ಷ ಕಳೆದವಳ ಬಾಯಲ್ಲಿ ನನಗಿಂತ ಚೊಕ್ಕ ಉರ್ದು-ಹಿಂದಿ ಮಾತು ಬರುತ್ತದೆ. ನನ್ನದು ಪುಸ್ತಕದ ಹಿಂದಿ.

ಹೇಳಿಕೊಡುತ್ತ ನನಗೆ ಖುಷಿಯಾಗಬೇಕಿತ್ತು. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡ ಎಂದು ಎಷ್ಟು ಸಲ ಹೇಳಿದೆನೋ.

ಜನವರಿ 6, ಸೋಮವಾರ

ಹೋದಳು. ನಸುಕಿನ ಬಸ್ಸಿಗೆ ಯಾದಗಿರಿ, ಅಲ್ಲಿ ಅಪ್ಪ ರೈಲಿನಲ್ಲಿ ಕೂಡಿಸಿದ. ಅಕ್ಕ ಕಿಟಕಿಯಲ್ಲಿ ಕೂತು ಕೈ ಬೀಸಿದಳು, ಸಣ್ಣ ಹುಡುಗಿ ಹಂಗ ಕಾಣತಿದ್ಲು ಎಂದು ಫೋನಿನಲ್ಲಿ ಹೇಳಿದ. ಅಪ್ಪನ ದನಿ ಒಂದು ಥರ ಇತ್ತು.

ವಾಡಿ ದಾಟಿದಾಗ ಫೋನ್ ಮಾಡಿದೆ, ಕಲಬುರಗಿಯಲ್ಲೂ. ಉಂಡಿಯೇನು ಎಂದು ಕೇಳಿದೆ. ಸೊಲ್ಲಾಪುರದ ನಂತರ ಸ್ವಿಚ್ಡ್ ಆಫ್. ಅರ್ಜುಮಂದಳಿಗೆ ಮಾಡಿದೆ, ಅವಳು ಇನ್ನೂ ಮನೆಯಲ್ಲೇ ಇದ್ದಳು. ಬೇಗ ಸ್ಟೇಷನ್ನಿಗೆ ಹೋಗು ಎಂದೆ. ಗಾಡಿ ಬರಲು ಇನ್ನೂ ಹೊತ್ತಿದೆ ಅಂದಳು. ಇರಲಿ ಹೋಗು ಎಂದೆ.

ಜನವರಿ 6, ಸಂಜೆ

ತಲುಪಿದಳು. ಫೋನಿನ ಬ್ಯಾಟರಿ ಮುಗಿದಿತ್ತಂತೆ. ಚಾರ್ಜರ್ ಚುಚ್ಚುವ ಜಾಗದಲ್ಲಿ ಯಾವುದೋ ಹುಡುಗಿ ತನ್ನ ಫೋನ್ ಹಾಕಿದ್ದಳು, ತೆಗಿ ಅನ್ನೋದು ಹೆಂಗ ಎಂದಳು. ಎಷ್ಟು ಸಿಟ್ಟು ಬಂತೆಂದರೆ ಏನೂ ಮಾತಾಡದೆ ಫೋನ್ ಇಟ್ಟೆ. ಆಮೇಲೆ ನೆನಪಾಯಿತು, ಮೌಲಾಬಿ ಗುರುತು ಹಿಡಿದಳೋ ಇಲ್ಲವೋ ಕೇಳಲೇ ಇಲ್ಲ.

ಜನವರಿ 8, ಬುಧವಾರ

ಕೇಳಿದೆ. ಮನಿಗೆ ಬಂದ ಮ್ಯಾಲೆ ಹೇಳ್ತೀನಿ ಎಂದಳು. ಒಂದು ವಾರ ಇದ್ದು ಬರುವವಳು ಇನ್ನಷ್ಟು ದಿನ ಇರುತ್ತಾಳಂತೆ.

ಜನವರಿ 11, ಶನಿವಾರ

ಅವ್ವ ಬಂದು ಎರಡು ದಿನದ ಪಲ್ಯ, ರೊಟ್ಟಿ ಮಾಡಿಟ್ಟು ಹೋದಳು. ಅವಳು ಕೆಲಸ ಮಾಡುವ ಅಂಗನವಾಡಿಗೆ ರಜೆಯಿಲ್ಲ.

ಈ ಮನೆಯಲ್ಲಿ ಒಬ್ಬಳೇ ಇದ್ದೇನೆ. ಇದು ನಾನು ಯಾವಾಗಲೂ ಬಯಸಿದ್ದೇ. ಆದರೆ ಒಬ್ಬಳೇ ಹೋಗುವುದಕ್ಕೂ ಒಬ್ಬಳೇ ಉಳಿಯುವುದಕ್ಕೂ ರುಚಿ ಒಂದೇ ಅಲ್ಲ. ಬೆಳಿಗ್ಗೆ ಅತ್ತಿ ಕಸ ಹೊಡೆಯುತ್ತ ತನ್ನಷ್ಟಕ್ಕೆ ತಾನು ಗೊಣಗುವ ಸದ್ದಿಲ್ಲದೆ ಎಚ್ಚರವಾಗುವುದು ತಡವಾಗುತ್ತಿದೆ. ಚಹಾಕ್ಕೆ ಎರಡು ಕಪ್ಪಿನ ನೀರಿಡುತ್ತೇನೆ, ಇನ್ನೊಂದು ಕಪ್ಪನ್ನೂ ನಾನೇ ಕುಡಿಯುತ್ತೇನೆ. ಯಾರಾದರೂ ಬಂದು ಮನೆ ತುಂಬ ಜಲ್ಲಿ ಎಂದು ಬೈದರೆ ಚೆನ್ನಾಗಿತ್ತು.

ಸಂಜೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಓಣಿಯಲ್ಲಿ ಹೋಗುವವರು ಅತ್ತಿ ಯಾವಾಗ ಬರುತ್ತಾಳೆ ಎಂದು ಕೇಳಿದರು. ಎಲ್ಲರಿಗೂ ಬರ್ತಾಳ, ಬರ್ತಾಳ ಎಂದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಕೆಲಸವಿಲ್ಲದೆ ಇವತ್ತು ಒಂದು ಕೆಲಸ ಮಾಡಿದೆ. ಮೊದಲ ಪೆಟ್ಟಿಗೆಯ ಆ ಕೂಡಿದ ಕಲ್ಲನ್ನು, ಅದೇ, ಒಂದು ಚಕ್ಕೆ ಕಡಿಮೆ ಇದ್ದದ್ದು, ಎರಡನೆಯ ಪೆಟ್ಟಿಗೆಯ ಚಕ್ಕೆಗಳ ಜೊತೆ ಒಂದೊಂದಾಗಿ ಹಿಡಿದು ನೋಡುತ್ತ ಹೋದೆ. ಈ ಗುಂಪಿನದನ್ನು ಆ ಗುಂಪಿಗೆ ಹೊಂದಿಸಿ ನೋಡುವ ಯೋಚನೆ ಇಷ್ಟು ದಿನ ಬಂದಿರಲಿಲ್ಲ.

ಒಂದು ಚಕ್ಕೆ ಕೂತಿತು. ಕೈಗೆ ಗೊತ್ತಾಗುತ್ತದೆ ಅದು. ಸದ್ದಿಲ್ಲ, ಸಂದಿಲ್ಲ, ಹಾಗೆ ಕೂತುಬಿಡುತ್ತದೆ. ನಾನು ಸುಮಾರು ಹೊತ್ತು ಅದನ್ನು ಕೆಳಗಿಡಲಿಲ್ಲ.

ಮೇಡಂಗೆ ಫೋನ್ ಮಾಡಿ ಹೇಳಿದೆ: ಒಬ್ಬನೇ ಎರಡು ಸಲ ಬಂದದ್ದಲ್ಲ, ಇಬ್ಬರು ಎದುರುಬದುರು ಕೂತಿದ್ದರು, ಒಬ್ಬರು ಒಡೆದದ್ದನ್ನು ಇನ್ನೊಬ್ಬರು ಕೈಗೆ ತೆಗೆದುಕೊಂಡಿದ್ದರು. ಮೇಡಂ ಬಹಳ ಸಂತೋಷಪಟ್ಟರು. ಆಮೇಲೆ, ಒಬ್ಬನೇ ಆ ಚಕ್ಕೆ ಹಿಡಿದು ಎದ್ದುಹೋಗಿ ಅತ್ತ ಕೂತಿರಬಹುದಲ್ಲ ಪರಿಮಳಾ, ಎರಡೂ ಸಾಧ್ಯತೆ ಬರಿ ಎಂದರು. ಬರೆಯುತ್ತೇನೆ. ಆದರೆ ಅಷ್ಟು ಹತ್ತಿರ ಎದ್ದುಹೋಗಿ ಕೂರುವ ಅಗತ್ಯ ಏನಿತ್ತು ಅವನಿಗೆ?

ಅತ್ತಿಗೆ ಹೇಳೋಣವೆಂದು ಫೋನ್ ಮಾಡಿದೆ. ಹೊರಗೆ ಹೋಗಿದ್ದಾಳೆ ಎಂದಳು ಅರ್ಜುಮಂದ. ಇಬ್ಬರೂ ಪಾರ್ಕಿಗೆ ಹೋಗಿದ್ದಾರಂತೆ.

ಜನವರಿ 18, ಶನಿವಾರ

ಜೊತೆಗೆ ಓದುತ್ತಿರುವ ಗೆಳತಿಯೊಬ್ಬಳು ಫೋಟೊ ಕಳಿಸಿದ್ದಾಳೆ. ಚಿರಾಪುಂಜಿಯ ಬೇರಿನ ಸೇತುವೆ, ಮಂಜು. ನೋಡಿದೆ. ಚೆನ್ನಾಗಿದೆ.

ಅತ್ತಿ ಬುಧವಾರ ಬರುತ್ತಾಳೆ.

ಜನವರಿ 22, ಬುಧವಾರ

ಆಟೋ ಹತ್ತಿ ಸುರಪುರದ ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ಬರುವ ಬಹಳ ಮೊದಲೇ ಹೋಗಿದ್ದೆ ಅಂತ ಕಾಣುತ್ತದೆ. ಎಷ್ಟು ಬಸ್‌ಸ್ಟ್ಯಾಂಡಿನಲ್ಲಿ ಕೂತಿಲ್ಲ ನಾನು, ಯಾವಾಗಲೂ ಹೋಗುವವಳಾಗಿ. ಇವತ್ತು ಬರುವ ಪ್ರತಿಯೊಂದು ಬಸ್ಸಿನ ಬೋರ್ಡ್ ಓದಿದೆ.

ಅತ್ತಿ ಇಳಿದು ಮೊದಲು ಬೈದಳು, ಈ ಕಾಲಿಲೆ ಯಾಕ ಬಂದಿ ಎಂದು. ಸೊರಗಿದ್ದಳು. ಕೈಯಲ್ಲಿ ಹಸಿರು ಗಾಜಿನ ಬಳೆ, ಮೌಲಾಬಿ ಹಾಕಿಸಿದ್ದಂತೆ. ಅವಳ ಗಂಟನ್ನು ನಾನು ಹಿಡಿದುಕೊಂಡೆ, ನನ್ನ ಕೋಲನ್ನು ಅವಳು. ಆಟೋದಲ್ಲಿ ಗುರುತು ಹಿಡಿದಳೇನು ಎಂದು ಕೇಳಬೇಕೆನ್ನಿಸಿತು. ಮುಖ ನೋಡಿ, ಉಂಡಿಯೇನು ಎಂದಷ್ಟೇ ಕೇಳಿದೆ.

ಜನವರಿ 24, ಶುಕ್ರವಾರ

ಇವತ್ತು ತಾನಾಗಿಯೇ ಹೇಳಿದಳು, ರೊಟ್ಟಿ ಬಡಿಯುತ್ತ. ನಾನು ಒಲೆಯ ಈಚೆ ಮಣೆ ಹಾಕಿಕೊಂಡು ಕೂತಿದ್ದೆ.

ಮೌಲಾಬಿ ಗುರುತು ಹಿಡಿಯಲಿಲ್ಲ. ಬಾಗಿಲು ತೆರೆದು, ಬರ್ರಿ ಕೂಡ್ರಿ, ಯಾವೂರು ನಿಮ್ಮದು ಎಂದು ಕೇಳಿದಳಂತೆ, ಹೊಸಬರನ್ನು ಕೇಳುವ ಹಾಗೆ, ಬಹಳ ಮರ್ಯಾದೆಯಿಂದ. ನಾ ಸುಗಲಾ ಎಂದು ಅತ್ತಿ ಹೇಳಿದಳು. ಮರುದಿನ ಬೆಳಿಗ್ಗೆಯೂ ಹೇಳಿದಳು. ಎರಡೂ ಸಲ ಮೌಲಾಬಿ ನಕ್ಕು, ಸುಗಲಾ ಬ್ಯಾರೆ, ಆಕಿ ಇನ್ನೂ ಸಣ್ಣಾಕಿ ಎಂದಳು. ಅತ್ತಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ. ಅವತ್ತೇ ವಾಪಸು ಹೊರಡೋಣ ಎನ್ನಿಸಿತ್ತಂತೆ.

ಆದರೆ ಸುರಪುರದವಳು ಎಂದು ತಿಳಿದದ್ದೇ ಮೌಲಾಬಿ ಅವಳನ್ನು ಬಿಡಲಿಲ್ಲ. ಅಲ್ಲಿ ನನ್ನ ಗೆಳತಿ ಒಬ್ಬಾಕಿ ಅದಾಳ, ಸುಗಲಾ ಅಂತ, ನಿಮಗ ಗೊತ್ತೇನು ಎಂದು ಶುರುಮಾಡಿದಳು. ಅತ್ತಿ ಗೊತ್ತು ಎಂದಳು. ಆಮೇಲೆ ದಿನಾ ಅದೇ. ಮೌಲಾಬಿ ಸುಗಲಾಳ ಕಥೆ ಹೇಳುವುದು, ಅತ್ತಿ ಎದುರು ಕೂತು ಕೇಳುವುದು.

ಶಾಲೆಯಲ್ಲಿ ಮೊದಲ ವರ್ಷ, ಅತ್ತಿ ಮುಟ್ಟಿದ ಅನ್ನ ತಮ್ಮ ಮಕ್ಕಳಿಗೆ ಬೇಡವೆಂದು ಕೆಲವರು ಗಲಾಟೆ ಮಾಡಿದ್ದು ನನಗೂ ಗೊತ್ತು, ಅಪ್ಪ ಹೇಳಿದ್ದ. ಅವತ್ತು ಮೌಲಾಬಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಹೊರಗೆ ಬಂದು ಕೂತಳಂತೆ, ಬಡಿಸಿದರೆ ಸುಗಲಾ ಬಡಿಸಬೇಕು, ಇಲ್ಲವಾದರೆ ಯಾರೂ ಇಲ್ಲ ಎಂದು. ಇದು ಅತ್ತಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದನ್ನೂ ಮೌಲಾಬಿ ಹೇಳಿದಳು. ಮಾವ ತೀರಿಕೊಂಡ ಮೇಲೆ ಅತ್ತಿ ಯಾರೊಂದಿಗೂ ಮಾತಾಡದೆ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಮೌಲಾಬಿ ದಿನಾ ಸಂಜೆ ಈ ಓಣಿಗೆ ಬಂದು ಎದುರಿನ ಕಟ್ಟೆಯ ಮೇಲೆ ಕೂರುತ್ತಿದ್ದಳಂತೆ. ಒಳಗೆ ದೀಪ ಹತ್ತಿದ್ದು ಕಂಡರೆ ಎದ್ದು ಹೋಗುತ್ತಿದ್ದಳು. ಬಾಗಿಲು ಬಡಿಯಲಿಲ್ಲ, ಆಮೇಲೆ ಯಾವತ್ತೂ ಹೇಳಲೂ ಇಲ್ಲ.

"ನನಗ ಗೊತ್ತೇ ಇದ್ದಿಲ್ಲ ಪರಿಮಳಾ," ಎಂದಳು ಅತ್ತಿ. "ಯಾರೋ ಒಬ್ಬಾಕಿ ಮುಂದ ಹೇಳ್ದಂಗ ನನ್ನ ಮುಂದ ಹೇಳಿದ್ಲು."

ಆಮೇಲಾದರೂ ಯಾಕೆ ನಾನೇ ಸುಗಲಾ ಅಂತ ಇನ್ನೊಮ್ಮೆ ಹೇಳಲಿಲ್ಲ ಎಂದು ಕೇಳಿದೆ.

"ಆಕಿ ಸುಗಲಾನ ಬಗ್ಗೆ ಹೇಳಾಕತ್ತಿದ್ಲು. ಅಷ್ಟ ಚಂದ ಹೇಳಾಕತ್ತಿದ್ಲು. ನಾ ಯಾಕ ನಡಬರಕ ಬಾಯಿ ಹಾಕ್ಲಿ?"

ಹೊರಡುವ ದಿನ ಮೌಲಾಬಿ ಬಾಗಿಲ ತನಕ ಬಂದು ಬಳೆ ತೊಟ್ಟ ಆ ಕೈ ಹಿಡಿದುಕೊಂಡಳಂತೆ. "ಸುಗಲಾಗ ಹೇಳ್ರಿ, ಬಾ ಅಂದಾಳ ಅಂತ. ಒಬ್ಬಾಕೀನ ಬರಬ್ಯಾಡ ಅಂತನೂ ಹೇಳ್ರಿ. ಆಕಿಗಿ ದಾರಿ ಗೊತ್ತಿಲ್ಲ."

ಹೇಳ್ತೀನಿ ಎಂದು ಬಂದಳಂತೆ ಅತ್ತಿ.

ಇಷ್ಟು ಹೇಳಿ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು, ಬಡಿಯಲಿಲ್ಲ. ಹಿಟ್ಟು ಕೈಯಲ್ಲೇ ಇತ್ತು. ಆಮೇಲೆ ಕೇಳಿದಳು, "ಮತ್ತ ಹ್ವಾದ್ರ ಕೇಳ್ತಾಳಲ್ಲ, ಸುಗಲಾಗ ಹೇಳಿದ್ರೇನು, ಏನಂದ್ಲು ಅಂತ. ನಾ ಏನಂತ ಹೇಳ್ಲಿ?"

"ಹೊಂಟಾಳ, ದಾರ್ಯಾಗ ಅದಾಳ ಅಂತ ಹೇಳೋಣು," ಎಂದೆ.

"ಹೇಳೋಣು?" ಎಂದಳು ಅತ್ತಿ, ತಲೆ ಎತ್ತಿ.

"ಹೂಂ. ಡಾಕ್ಟರ್ ಹೂಂ ಅಂದ ಕೂಡಲೆ ರೈಲಿನ್ಯಾಗ ಇಬ್ಬರಿಗೂ ಜಾಗ ನೋಡ್ತೀನಿ. ಕಿಟಕಿ ನೀ ತಗೋ."

ಅತ್ತಿ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಒಂದು ಮಗ್ಗುಲು ಪೂರ್ತಿ ಕರಕಾಗಿತ್ತು. ಅದನ್ನೇ ಹರಿದು ಇಬ್ಬರೂ ತಿಂದೆವು.